ಕಲೆಗೆ ಸರ್ಕಾರದ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೇಂದ್ರ ಸಂಸ್ಕೃತಿ ಸಚಿವಾಲಯದ 'ಕಲಾ ಸಂಸ್ಕೃತಿ ವಿಕಾಸ ಯೋಜನೆ'ಯಲ್ಲಿ ಹವ್ಯಾಸಿ ನಾಟಕ ತಂಡದಿಂದ ವಯಸ್ಸಾದ ಗೊಂಬೆಯಾಟದವರ ತನಕ ಹಲವರಿಗೆ ನೆರವಿದೆ. ಅದರ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಮೊತ್ತ, ವಯೋಮಿತಿಗಳನ್ನು ಸಚಿವಾಲಯ ಆಗಾಗ ಪರಿಷ್ಕರಿಸುತ್ತದೆ. ಅರ್ಜಿ ಹಾಕುವ ಮುನ್ನ ಜಾಲತಾಣದಲ್ಲಿರುವ ಮಾರ್ಗಸೂಚಿಯನ್ನು ಒಮ್ಮೆ ತೆರೆದು ನೋಡಿ.

ನಮ್ಮದು ಹನ್ನೊಂದು ವರ್ಷದ ಹವ್ಯಾಸಿ ತಂಡ, ಸಂಘವಾಗಿ ನೋಂದಣಿಯಾಗಿದೆ. ಮುಂದಿನ ನಾಟಕಕ್ಕೆ ನಾಲ್ಕು ಲಕ್ಷ ಬೇಕು. ಕೇಂದ್ರದಿಂದ ಅಷ್ಟೂ ಸಿಗಬಹುದೇ? — ಕಾರ್ಯದರ್ಶಿ, ತಿಪಟೂರು

ಅಷ್ಟೂ ಸಿಗುವುದಿಲ್ಲ. ನಿಮಗೆ ಹೊಂದುವುದು 'ಕಲ್ಚರಲ್ ಫಂಕ್ಷನ್ ಅಂಡ್ ಪ್ರೊಡಕ್ಷನ್ ಗ್ರಾಂಟ್'. ನಾಟಕ, ನೃತ್ಯ, ಸಂಗೀತ ಪ್ರಸ್ತುತಿ, ಉತ್ಸವ, ವಿಚಾರ ಸಂಕಿರಣ, ಕಾರ್ಯಾಗಾರ ಎಲ್ಲವೂ ಇದರಲ್ಲಿ ಬರುತ್ತವೆ. ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು. ಒಂದು ಯೋಜನೆಗೆ ಗರಿಷ್ಠ 5 ಲಕ್ಷ ರೂಪಾಯಿ. ವಿಶೇಷ ಸಂದರ್ಭದಲ್ಲಿ 20 ಲಕ್ಷದವರೆಗೂ ಹೋಗಬಹುದು, ಆದರೆ ಅದನ್ನು ನಂಬಿ ಲೆಕ್ಕ ಹಾಕಬೇಡಿ. ಮುಖ್ಯವಾದ ಷರತ್ತು ಬೇರೆ ಇದೆ: ಒಟ್ಟು ಖರ್ಚಿನ ಶೇ. 75ಕ್ಕಿಂತ ಹೆಚ್ಚು ಕೊಡುವುದಿಲ್ಲ, ಉಳಿದ ಕಾಲು ಭಾಗ ನಿಮ್ಮದು. ಹಣ ಬರುವುದೂ ಎರಡು ಕಂತಿನಲ್ಲಿ. ಮಂಜೂರಾದ ಮೊತ್ತದ ಶೇ. 75 ಮೊದಲು, ಉಳಿದ ಶೇ. 25 ನಾಟಕ ಮುಗಿದು ಲೆಕ್ಕ ಒಪ್ಪಿಸಿದ ಮೇಲೆ.

ಇದನ್ನು ಅಂಕಿಗಳಲ್ಲೇ ನೋಡೋಣ. ನಿರ್ದೇಶಕರಿಗೆ 40,000. ಹದಿನಾಲ್ಕು ನಟ-ನಟಿಯರಿಗೆ ತಲಾ 8,000ದಂತೆ 1,12,000. ಸಂಗೀತಕ್ಕೆ 30,000. ರಂಗಸಜ್ಜಿಕೆ 60,000. ವಸ್ತ್ರ ಮತ್ತು ಮೇಕಪ್ 45,000. ಲೈಟು, ಮೈಕು ಬಾಡಿಗೆ 36,000. ನಲವತ್ತು ದಿನದ ತಾಲೀಮಿಗೆ ಜಾಗ, ಕಾಫಿ-ತಿಂಡಿ ಎಂದು ದಿನಕ್ಕೆ 500ರಂತೆ 20,000. ಎರಡು ಪ್ರಯೋಗಕ್ಕೆ ರಂಗಮಂದಿರದ ಬಾಡಿಗೆ 24,000. ಸಾಗಣೆ 15,000. ಪ್ರಚಾರ, ಫೋಟೊ, ಆಡಿಟ್ 18,000. ಒಟ್ಟು 4,00,000. ನೀವು ಕೇಳಬಹುದಾದದ್ದು ಹೆಚ್ಚೆಂದರೆ 3,00,000.

ಈಗ ತಜ್ಞರ ಸಮಿತಿ 1,50,000 ಮಾತ್ರ ಒಪ್ಪಿತು ಎಂದುಕೊಳ್ಳಿ. ಕೇಳಿದ್ದಕ್ಕಿಂತ ಕಡಿಮೆ ಬರುವುದು ತೀರಾ ಸಾಮಾನ್ಯ. ಮೊದಲ ಕಂತಾಗಿ ಕೈಗೆ ಬರುವುದು 1,12,500. ಅಂದರೆ ಪರದೆ ಏಳುವ ಹೊತ್ತಿಗೆ 2,87,500 ರೂಪಾಯಿ ಬೇರೆ ಕಡೆಯಿಂದ ಹೊಂದಿರಬೇಕು. ಕೊನೆಯ 37,500 ಬರುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ತಂಡಗಳು ಸಾಲಕ್ಕೆ ಬೀಳುವುದು ಇಲ್ಲೇ. ಮಂಜೂರಾತಿ ಪತ್ರದ ಮೊತ್ತವನ್ನು ಕೈಯಲ್ಲಿರುವ ದುಡ್ಡು ಎಂದು ತಿಳಿದು ಸೆಟ್ಟಿನ ಬಡಗಿಗೂ ಲೈಟಿನವರಿಗೂ ಮಾತು ಕೊಟ್ಟುಬಿಡುತ್ತಾರೆ. ಅನುದಾನವನ್ನು ಬಂಡವಾಳ ಎಂದು ಎಣಿಸಬೇಡಿ. ಮಾಡಿದ ಖರ್ಚಿನಲ್ಲಿ ಒಂದು ಪಾಲು ತಡವಾಗಿ ವಾಪಸು ಬರುತ್ತದೆ ಎಂದು ಎಣಿಸಿ.

ದುಡ್ಡು ಕಡಿಮೆ ಬಂತೆಂದು ನಾಟಕವನ್ನು ಅರ್ಧಕ್ಕೆ ಇಳಿಸಿದರೂ ತೊಂದರೆಯೇ. 1,50,000 ಮಂಜೂರಾಗಿ ನೀವು ಒಟ್ಟು ಖರ್ಚು ಮಾಡಿದ್ದು 1,60,000 ಆದರೆ, ಅದರ ಶೇ. 75 ಎಂದರೆ 1,20,000 ಮಾತ್ರ ನಿಮ್ಮದಾಗುತ್ತದೆ.

ಇನ್ನೊಂದು ಮಾತು. ಬಜೆಟ್ ಇಳಿಸಬೇಕಾದಾಗ ಎಲ್ಲರ ಕೈ ಮೊದಲು ಹೋಗುವುದು ನಟರ ಸಂಭಾವನೆಗೆ. ದಯವಿಟ್ಟು ಹಾಗೆ ಮಾಡಬೇಡಿ. ಸಾರ್ವಜನಿಕರ ಹಣ ಬರುತ್ತಿರುವುದು ಕಲಾವಿದರಿಗಾಗಿ. ಸೆಟ್ಟು ಸರಳ ಮಾಡಿ, ವಸ್ತ್ರ ಎರವಲು ತನ್ನಿ, ಹದಿನಾಲ್ಕು ಜನರ ಎಂಟು ಸಾವಿರ ಹಾಗೇ ಇರಲಿ.

ಉತ್ಸವದ ಅನುದಾನದ ಎರಡನೇ ಕಂತಿಗೆ ಕಳಿಸಿದ ಕಾಗದಪತ್ರ ಎರಡು ಸಲ ವಾಪಸು ಬಂತು. ಎಲ್ಲಾ ಬಿಲ್ಲೂ ಇಟ್ಟಿದ್ದೆವು. ಏನು ತಪ್ಪಾಗಿರಬಹುದು? — ಖಜಾಂಚಿ, ಗದಗ

ಬಿಲ್ಲು ಇದ್ದರೆ ಸಾಲದು, ಅವು ಒಂದಕ್ಕೊಂದು ತಾಳೆಯಾಗಬೇಕು. ಮೊದಲು ಬಳಕೆ ಪ್ರಮಾಣಪತ್ರವನ್ನು ನೋಡಿ. ಅದು ಕೇಂದ್ರದ ಹಣಕಾಸು ನಿಯಮಗಳ ಜಿಎಫ್ಆರ್ 12-ಎ ನಮೂನೆಯಲ್ಲೇ ಇರಬೇಕು. ಆಡಿಟರ್ ತಮ್ಮ ಹಳೆಯ ಫೈಲಿನಿಂದ ತೆಗೆದ ಬೇರೆ ನಮೂನೆ ನಡೆಯುವುದಿಲ್ಲ. ಮಂಜೂರಾತಿ ಪತ್ರದ ಸಂಖ್ಯೆ, ದಿನಾಂಕ, ಮೊತ್ತ ಮೂರೂ ಅಕ್ಷರಶಃ ಹೊಂದಬೇಕು. ಚಾರ್ಟರ್ಡ್ ಅಕೌಂಟೆಂಟ್ ಸಹಿಯ ಕೆಳಗೆ ಯುಡಿಐಎನ್, ಅಂದರೆ ಆ ದಾಖಲೆಯ ಗುರುತು ಸಂಖ್ಯೆ ಬೇಕು. ಇದರ ಜೊತೆ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದಿದೆ: ಬಂದದ್ದು ಮೊದಲ ಕಂತು ಮಾತ್ರ ಆಗಿದ್ದರೂ ಪ್ರಮಾಣಪತ್ರದಲ್ಲಿ ಪೂರ್ತಿ ಮಂಜೂರಾದ ಮೊತ್ತ ಬಂದಿದೆ ಎಂದು ಬರೆಯುವುದು. ಸ್ವೀಕರಿಸಿದ್ದು ಎಷ್ಟು, ಖರ್ಚಾದದ್ದು ಎಷ್ಟು, ಬರಬೇಕಾದದ್ದು ಎಷ್ಟು, ಇವು ಬೇರೆ ಬೇರೆ.

ಆಡಿಟ್ ಆದ ಖರ್ಚಿನ ಪಟ್ಟಿಯಲ್ಲಿ ಇಡೀ ಉತ್ಸವದ ಖರ್ಚು ಕಾಣಬೇಕು, ಅನುದಾನದಷ್ಟು ಮಾತ್ರ ತೋರಿಸಿದರೆ ನಿಮ್ಮ ಶೇ. 25ರ ಪಾಲು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಶಾಮಿಯಾನದ ಬಿಲ್ಲು ಅಧ್ಯಕ್ಷರ ಹೆಸರಿನಲ್ಲಿದ್ದರೆ ಅದು ಸಂಘದ ಖರ್ಚಲ್ಲ. ಕಲಾವಿದರಿಗೆ ನಗದು ಕೊಟ್ಟು ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿಕೊಳ್ಳುವ ಕಾಲ ಹೋಯಿತು, ಬ್ಯಾಂಕ್ ಮೂಲಕವೇ ಕೊಡಿ. ಅನುದಾನದ ಹಣಕ್ಕೆ ಖಾತೆಯಲ್ಲಿ ಬಡ್ಡಿ ಹುಟ್ಟಿದ್ದರೆ ಅದು ನಿಮ್ಮದಲ್ಲ, ಸರ್ಕಾರಕ್ಕೆ ವಾಪಸು ಕಟ್ಟಬೇಕು. ಇನ್ನೂರು ಮುನ್ನೂರು ರೂಪಾಯಿ ಬಡ್ಡಿಯನ್ನು ತೋರಿಸದೆ ಬಿಟ್ಟರೂ ಕಡತ ಅಲ್ಲೇ ನಿಂತುಬಿಡಬಹುದು.

ಕೊನೆಗೆ ಹೆಸರು ನೋಡಿ. ನಮ್ಮ ಸಂಘಗಳ ಹೆಸರಿನ ಕೊನೆಗೆ '(ರಿ)' ಇರುತ್ತದೆ. ನೋಂದಣಿ ಪತ್ರದಲ್ಲಿ ಒಂದು ಬಗೆ, ಪಾನ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕ್ ಖಾತೆಯಲ್ಲಿ ಊರಿನ ಹೆಸರೂ ಸೇರಿ ಮತ್ತೊಂದು. ನೀತಿ ಆಯೋಗದ ಎನ್‌ಜಿಒ ದರ್ಪಣ್ ನೋಂದಣಿ ಮತ್ತು ಹಣ ಸಾಗುವ ಪಿಎಫ್ಎಂಎಸ್ ವ್ಯವಸ್ಥೆ ಈ ವ್ಯತ್ಯಾಸವನ್ನು ಕ್ಷಮಿಸುವುದಿಲ್ಲ. ಪಾನ್‌ನಲ್ಲಿ ಇರುವ ಹಾಗೆಯೇ ಎಲ್ಲ ಕಡೆ ಒಂದೇ ಹೆಸರು ಮಾಡಿಸಿ. ಇದಕ್ಕೆ ಸಂಘದ ಠರಾವು ಬೇಕಾಗುತ್ತದೆ, ಬ್ಯಾಂಕಿಗೆ ಒಂದೆರಡು ಸಲ ಹೋಗಬೇಕಾಗುತ್ತದೆ, ಆದರೂ ಈಗಲೇ ಮುಗಿಸಿಕೊಳ್ಳಿ. ಹಿಂದಿನ ಬಳಕೆ ಪ್ರಮಾಣಪತ್ರ ಬಾಕಿ ಇದ್ದರೆ ಹೊಸ ಅನುದಾನದ ಬಾಗಿಲೂ ತೆರೆಯುವುದಿಲ್ಲ.

ಯಕ್ಷಗಾನ ಕಲಿಸುವ ಕೇಂದ್ರ ನಡೆಸುತ್ತಿದ್ದೇವೆ. ಗುರು-ಶಿಷ್ಯ ಪರಂಪರೆಯ ನೆರವಿಗೆ ನಾವು ಅರ್ಹರೇ? — ಕುಂದಾಪುರ

ಅರ್ಹರು. ರೆಪರ್ಟರಿ ಗ್ರಾಂಟ್ ಎಂದು ಹಿಂದಿನಿಂದ ಕರೆಯುತ್ತಿದ್ದದ್ದು ಇದನ್ನೇ. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000. ರಂಗಭೂಮಿ ತಂಡಕ್ಕೆ ಒಬ್ಬ ಗುರು, ಗರಿಷ್ಠ 18 ಶಿಷ್ಯರು. ಸಂಗೀತ, ನೃತ್ಯಕ್ಕೆ ಗರಿಷ್ಠ 10 ಶಿಷ್ಯರು. ಹತ್ತು ಮಂದಿ ವಯಸ್ಕ ಶಿಷ್ಯರಿದ್ದರೆ ತಿಂಗಳಿಗೆ 1,15,000 ಆಗುತ್ತದೆ ಎಂದು ಕೂಡಿಸಿ ಹಿಗ್ಗುವವರಿದ್ದಾರೆ. ಹತ್ತು ಹೆಸರು ಕೊಟ್ಟರೂ ಎಷ್ಟು ಜನರಿಗೆ ಒಪ್ಪಿಗೆ ಎಂಬುದನ್ನು ಸಮಿತಿ ನಿರ್ಧರಿಸುತ್ತದೆ. ನವೀಕರಣಕ್ಕೂ ವರ್ಷ ವರ್ಷ ಅರ್ಜಿ ಹಾಕಬೇಕು.

ನಿಮ್ಮ ಕಡೆಯ ವಿಶೇಷ ಸಮಸ್ಯೆ ತಿರುಗಾಟದ್ದು. ಮೇಳಗಳು ನವೆಂಬರಿನಿಂದ ಮೇ ತನಕ ರಾತ್ರಿಯಿಡೀ ಆಟದಲ್ಲಿರುತ್ತವೆ. ಮೇಳಕ್ಕೆ ಹೋಗುವ ವೇಷಧಾರಿಯ ಹೆಸರನ್ನು ಶಿಷ್ಯರ ಪಟ್ಟಿಯಲ್ಲಿ ಹಾಕಿದರೆ, ಜನವರಿಯಲ್ಲಿ ಪರಿಶೀಲನೆಗೆ ಬಂದವರ ಎದುರು ನಿಲ್ಲಿಸಲು ಆತ ಊರಲ್ಲೇ ಇರುವುದಿಲ್ಲ. ವರ್ಷವಿಡೀ ಕೇಂದ್ರದಲ್ಲಿ ಕಲಿಯುವವರನ್ನು ಮಾತ್ರ ಪಟ್ಟಿ ಮಾಡಿ. ಹಿಮ್ಮೇಳದವರನ್ನು ಮರೆಯಬೇಡಿ. ಚಂಡೆ, ಮದ್ದಳೆ, ಭಾಗವತಿಕೆ ಕಲಿಯುವ ಹುಡುಗರೂ ಶಿಷ್ಯರೇ. ಇಂದು ಅವರಿಗೇ ಹೆಚ್ಚು ಆಸರೆ ಬೇಕಾಗಿದೆ. ದಿನದ ಹಾಜರಿ ಪುಸ್ತಕ, ಯಾವ ಪ್ರಸಂಗದ ಯಾವ ಭಾಗ ಕಲಿಸಿದ್ದು ಎಂಬ ಟಿಪ್ಪಣಿ, ಪ್ರದರ್ಶನದ ದಿನಾಂಕ-ಫೋಟೊ ಇರಲಿ. ಒಬ್ಬರ ಹೆಸರು ಎರಡು ಸಂಸ್ಥೆಗಳ ಪಟ್ಟಿಯಲ್ಲಿ ಬರಬಾರದು. ಆಧಾರ್ ಜೋಡಣೆ ಇರುವುದರಿಂದ ಅದು ಕೂಡಲೇ ಗೊತ್ತಾಗುತ್ತದೆ.

ನೋಂದಣಿಯೇ ಇಲ್ಲದ ಚಿಕ್ಕ ತಂಡಗಳಿಗೆ ಇನ್ನೊಂದು ದಾರಿ ವಲಯ ಸಾಂಸ್ಕೃತಿಕ ಕೇಂದ್ರಗಳು. ಕರ್ನಾಟಕ ತಂಜಾವೂರಿನ ದಕ್ಷಿಣ ವಲಯಕ್ಕೂ ನಾಗಪುರದ ದಕ್ಷಿಣ-ಮಧ್ಯ ವಲಯಕ್ಕೂ ಸದಸ್ಯ ರಾಜ್ಯ. ಅಲ್ಲಿ ಅನುದಾನವಿಲ್ಲ, ಕಾರ್ಯಕ್ರಮಕ್ಕೆ ಕರೆದು ಸಂಭಾವನೆ, ಪ್ರಯಾಣ, ಊಟ-ವಸತಿ ಕೊಡುತ್ತಾರೆ. ಐದು ನಿಮಿಷದ ಒಳ್ಳೆಯ ವಿಡಿಯೊ ಇದ್ದರೆ ಎರಡೂ ಕಡೆಗೆ ಪರಿಚಯ ಕಳಿಸಿ.

ವಯಸ್ಸು 23, ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಫೆಲೋಶಿಪ್‌ಗೆ ಅರ್ಜಿ ಹಾಕಬಹುದೇ? — ಧಾರವಾಡ

ಫೆಲೋಶಿಪ್ ಈಗ ಬೇಡ. ನಿಮಗಿರುವುದು ಯುವ ಕಲಾವಿದರ ವಿದ್ಯಾರ್ಥಿವೇತನ: 18ರಿಂದ 25 ವರ್ಷ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ದೇಶಕ್ಕೆಲ್ಲ 400. ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು, ಗುರುವಿನ ಪತ್ರದಲ್ಲಿ ಅದು ವರ್ಷ ಸಮೇತ ಇರಲಿ. ಹಣ ಆರು ತಿಂಗಳಿಗೊಮ್ಮೆ ಬರುತ್ತದೆ, ಪ್ರತಿ ಕಂತಿಗೂ ಪ್ರಗತಿ ವರದಿ ಬೇಕು. 25 ದಾಟಿದ ಮೇಲೆ 40ರ ತನಕ ಕಿರಿಯ ಫೆಲೋಶಿಪ್, ತಿಂಗಳಿಗೆ 10,000. 40 ದಾಟಿದವರಿಗೆ ಹಿರಿಯದು, 20,000. ಅವೆರಡಕ್ಕೂ ಸಂಶೋಧನೆಯ ಅಥವಾ ಸೃಜನಶೀಲ ಕೆಲಸದ ಯೋಜನೆ ಬರೆದುಕೊಡಬೇಕು. ಮನೆಯಲ್ಲಿ 10ರಿಂದ 14ರ ತಮ್ಮ-ತಂಗಿ ಕಲಿಯುತ್ತಿದ್ದರೆ ಕೇಂದ್ರ ಸರ್ಕಾರದ ಸಾಂಸ್ಕೃತಿಕ ತರಬೇತಿ ಕೇಂದ್ರವಾದ ಸಿಸಿಆರ್‌ಟಿ ಸಂಸ್ಥೆಯ ಪ್ರತಿಭಾ ಶೋಧ ವಿದ್ಯಾರ್ಥಿವೇತನ ಅವರಿಗೆ ಹೊಂದುತ್ತದೆ.

ನಮ್ಮ ತಂದೆ ತೊಗಲುಗೊಂಬೆ ಆಡಿಸುತ್ತಿದ್ದವರು, ಈಗ ಕೈ ನಡುಗುತ್ತದೆ. ಪಿಂಚಣಿಗೆ ಯಾವ ದಾಖಲೆಯೂ ಇಲ್ಲ. — ಕೊಪ್ಪಳ ಜಿಲ್ಲೆ

ಹಿರಿಯ ಕಲಾವಿದರಿಗೆ ಕೇಂದ್ರದ ನೆರವು ತಿಂಗಳಿಗೆ 6,000 ರೂಪಾಯಿವರೆಗೆ ಇದೆ. ವಯಸ್ಸು 60 ತುಂಬಿರಬೇಕು, ವಾರ್ಷಿಕ ಆದಾಯ 72,000 ಮೀರಬಾರದು. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಬೇರೆ, ಅದನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಒಂದನ್ನು ಪಡೆಯುತ್ತಿದ್ದರೆ ಇನ್ನೊಂದರ ಅರ್ಜಿಯಲ್ಲಿ ಮುಚ್ಚಿಡಬೇಡಿ.

ದಾಖಲೆ ಇಲ್ಲ ಎಂದು ಕೈಚೆಲ್ಲಬೇಡಿ, ಹುಡುಕಿದರೆ ಸಿಗುತ್ತದೆ. ಹಳೆಯ ಜಾತ್ರೆ, ಉತ್ಸವಗಳ ಕರಪತ್ರದಲ್ಲಿ ಹೆಸರಿರುತ್ತದೆ. ಆಕಾಶವಾಣಿಯವರು ಧ್ವನಿಮುದ್ರಿಸಿದ್ದರೆ ಒಪ್ಪಂದ ಪತ್ರದ ಪ್ರತಿ ಇರುತ್ತದೆ. ವಿಶ್ವವಿದ್ಯಾಲಯದವರು ಬಂದು ಫೋಟೊ ತೆಗೆದು, ಕತೆ ಬರೆದುಕೊಂಡು ಹೋಗಿದ್ದರೆ ಅವರ ಪ್ರಕಟಣೆಯ ಆ ಪುಟವೇ ಸಾಕ್ಷಿ. ಬಯಲಾಟ ಅಕಾಡೆಮಿ ಅಥವಾ ಜಾನಪದ ಅಕಾಡೆಮಿಗೆ ಪತ್ರ ಬರೆದು ದೃಢೀಕರಣ ಕೇಳಿ. ಮನೆಯಲ್ಲಿರುವ ಗೊಂಬೆಗಳ ಜೊತೆ ತಂದೆಯವರನ್ನು ಕೂರಿಸಿ ಫೋಟೊ ತೆಗೆಯಿರಿ. ಒಂದೊಂದು ಗೊಂಬೆಯ ಹೆಸರು, ಯಾವ ಕತೆಯದು, ಮಾಡಿದವರು ಯಾರು ಎಂದು ಅವರ ಬಾಯಲ್ಲೇ ಹೇಳಿಸಿ ಬರೆದಿಡಿ. ಅರ್ಜಿಗೂ ಆಯಿತು, ಮನೆತನಕ್ಕೂ ಆಯಿತು.

ಅರ್ಜಿ ಹಾಕುವ ಮುಂಚೆ ಆಧಾರ್‌ನಲ್ಲಿ ವಯಸ್ಸು ನೋಡಿ. ಹಳೆಯ ತಲೆಮಾರಿನ ಅನೇಕರಿಗೆ ಅಂದಾಜಿನ ಮೇಲೆ ಜನವರಿ 1 ಎಂದು ಹಾಕಿರುತ್ತಾರೆ, ವರ್ಷವೂ ಹೆಚ್ಚು ಕಡಿಮೆ ಆಗಿರುತ್ತದೆ. ಅರ್ಜಿ ಹೋದ ಮೇಲೆ ತಿದ್ದುಪಡಿ ಮಾಡಿಸಿದರೆ ದಾಖಲೆ ತಾಳೆಯಾಗುವುದಿಲ್ಲ. ನಿಮ್ಮ ಜಿಲ್ಲೆಯವರೇ ಆದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಈ ಕಲೆ ಏನೆಂದು ಅಧಿಕಾರಿಗಳಿಗೆ ಮೊದಲಿಂದ ವಿವರಿಸುವ ಕಷ್ಟ ಇನ್ನು ಸ್ವಲ್ಪ ಕಡಿಮೆ.

ನಾನು ನಾಟಕ ನೋಡುವುದಿಲ್ಲ. ನನ್ನ ತೆರಿಗೆ ಹಣ ಯಾಕೆ ಅದಕ್ಕೆ ಹೋಗಬೇಕು? ಜನಕ್ಕೆ ಬೇಕಿದ್ದರೆ ಟಿಕೆಟ್ ಕೊಂಡು ನೋಡಲಿ. — ಬೆಂಗಳೂರು

ಎಷ್ಟು ಹೋಗುತ್ತಿದೆ ಎಂಬುದನ್ನು ಮೊದಲು ನೋಡಿ. 2025-26ರ ಕೇಂದ್ರ ಬಜೆಟ್ಟಿನ ಒಟ್ಟು ಗಾತ್ರ ಸುಮಾರು 50.65 ಲಕ್ಷ ಕೋಟಿ. ಸಂಸ್ಕೃತಿ ಸಚಿವಾಲಯಕ್ಕೆ ಇಟ್ಟದ್ದು ಸುಮಾರು 3,361 ಕೋಟಿ. ನೂರು ರೂಪಾಯಿಯಲ್ಲಿ ಏಳು ಪೈಸೆಗೂ ಕಡಿಮೆ. ಅದರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಪುರಾತತ್ವ ಸರ್ವೇಕ್ಷಣೆಗೆ, ಅಂದರೆ ಹಂಪಿ, ಬಾದಾಮಿಯಂಥ ಸ್ಮಾರಕಗಳ ರಕ್ಷಣೆಗೆ ಹೋಗುತ್ತದೆ. ಬದುಕಿರುವ ಕಲಾವಿದರಿಗೆ ಉಳಿಯುವುದು ಇನ್ನೂ ಕಡಿಮೆ.

ಟಿಕೆಟ್ಟಿನ ಮಾತಿಗೆ ಬರೋಣ. ಮೇಲೆ ಹೇಳಿದ ನಾಲ್ಕು ಲಕ್ಷದ ನಾಟಕವನ್ನೇ ತೆಗೆದುಕೊಳ್ಳಿ. ಮುನ್ನೂರು ಆಸನದ ಮಂದಿರ, ಎರಡು ಪ್ರಯೋಗ, ಎರಡೂ ಭರ್ತಿ. ನೂರು ರೂಪಾಯಿ ಟಿಕೆಟ್ಟಿಗೆ 60,000 ಬರುತ್ತದೆ. ಖರ್ಚು ಹುಟ್ಟಬೇಕಾದರೆ ತಲೆಗೆ ಸುಮಾರು 667 ರೂಪಾಯಿ ಇಡಬೇಕು. ತಿಪಟೂರಿನಲ್ಲಿ ಆ ಬೆಲೆಗೆ ಯಾರು ಬರುತ್ತಾರೆ? ತಂಡದ ಸೋಮಾರಿತನದಿಂದ ಆದದ್ದಲ್ಲ ಇದು. ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲೇ ಇದರ ಕಾರಣ ತೋರಿಸಿದರು: ಕಾರ್ಖಾನೆಯಲ್ಲಿ ಯಂತ್ರ ಬಂದರೆ ಅದೇ ಕೆಲಸ ಕಡಿಮೆ ಜನರಿಂದ ಆಗುತ್ತದೆ, ಆದರೆ ಹದಿನಾಲ್ಕು ಪಾತ್ರದ ನಾಟಕಕ್ಕೆ ಅಂದೂ ಹದಿನಾಲ್ಕು ಜನ, ಇಂದೂ ಹದಿನಾಲ್ಕು ಜನ. ಸುತ್ತಲಿನ ಕೂಲಿ, ಬಾಡಿಗೆ ಏರುತ್ತಲೇ ಹೋದಾಗ ಪ್ರದರ್ಶನ ಕಲೆಯ ಖರ್ಚು ಆದಾಯವನ್ನು ದಾಟಲೇಬೇಕು. ಆ ಅಂತರವನ್ನು ಹಿಂದೆ ಅರಮನೆ, ದೇವಸ್ಥಾನಗಳು ತುಂಬುತ್ತಿದ್ದವು. ಈಗ ಪ್ರಜೆಗಳ ಸರ್ಕಾರ ತುಂಬದಿದ್ದರೆ ದುಡ್ಡಿದ್ದವರ ಊರಲ್ಲಿ ಮಾತ್ರ ನಾಟಕ ಉಳಿಯುತ್ತದೆ. ನೀವು ನೋಡದಿರಬಹುದು, ನಿಮ್ಮ ತೆರಿಗೆಯಿಂದ ತಿಪಟೂರಿನ ಮಗು ನೋಡುತ್ತದೆ. ಅದಕ್ಕೆ ಏಳು ಪೈಸೆ ಹೆಚ್ಚಲ್ಲ, ಕಡಿಮೆ ಎನ್ನುವುದು ನಮ್ಮ ಅಭಿಪ್ರಾಯ.

ಸರ್ಕಾರದ ದುಡ್ಡು ತಗೊಂಡ ಮೇಲೆ ಸರ್ಕಾರದ ಮಾತು ಕೇಳಬೇಕಾಗುತ್ತದಲ್ಲ? — ಮೈಸೂರು

ಈ ಭಯ ಹಳೆಯದು, ಅದಕ್ಕೆ ಕಟ್ಟಿದ ಒಡ್ಡೂ ಹಳೆಯದು. ಬ್ರಿಟನ್ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಮಾಡಿದಾಗ ಹಣ ಸರ್ಕಾರದ್ದು, ಆಯ್ಕೆ ಕೌನ್ಸಿಲಿನದು ಎಂಬ ಅಂತರ ಇಟ್ಟಿತು. ನಮ್ಮಲ್ಲಿ 1953ರ ಸಂಗೀತ ನಾಟಕ ಅಕಾಡೆಮಿ, 1954ರ ಸಾಹಿತ್ಯ ಮತ್ತು ಲಲಿತಕಲಾ ಅಕಾಡೆಮಿಗಳನ್ನು ಸ್ವಾಯತ್ತ ಸಂಸ್ಥೆಗಳಾಗಿ ರೂಪಿಸಿದ್ದೂ ಇದೇ ಕಾರಣಕ್ಕೆ. ಕಾಗದದ ಮೇಲಿನ ಸ್ವಾಯತ್ತತೆ ಎಲ್ಲ ಕಾಲಕ್ಕೂ ಒಂದೇ ಬಲದಲ್ಲಿ ಇರುವುದಿಲ್ಲ. ಸರ್ಕಾರ ಬದಲಾದಾಗ ನಮ್ಮ ರಾಜ್ಯದ ಅಕಾಡೆಮಿಗಳ ಅಧ್ಯಕ್ಷರು, ಸದಸ್ಯರು ಬದಲಾಗುವುದನ್ನು ನೀವೇ ನೋಡಿದ್ದೀರಿ. ಇದು ಸರಿಯಲ್ಲ, ಅವಧಿ ಮುಗಿಯುವ ತನಕ ಯಾರನ್ನೂ ಕದಲಿಸಬಾರದು.

ತಂಡದ ಮಟ್ಟಿಗೆ ಮಾಡಬಹುದಾದದ್ದು ಇಷ್ಟು: ವರ್ಷದ ಖರ್ಚಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಯಾವುದೇ ಒಂದು ಕಡೆಯಿಂದ ಬರದ ಹಾಗೆ ನೋಡಿಕೊಳ್ಳಿ. ಆಗ ಒಂದು ಮೂಲ ಬತ್ತಿದರೂ ತಂಡ ನಿಲ್ಲುವುದಿಲ್ಲ, ನಾಟಕದ ಆಯ್ಕೆಯನ್ನು ಯಾರ ಮುಖ ನೋಡಿಯೂ ಬದಲಿಸಬೇಕಾಗುವುದಿಲ್ಲ.

ಊರಿನ ತಂಡದ ಶೇ. 25ರ ಪಾಲನ್ನು ನಮ್ಮ ಕನ್ನಡ ಕೂಟದಿಂದ ಕಳಿಸಬಹುದೇ? — ನ್ಯೂಜೆರ್ಸಿ

ಒಳ್ಳೆಯ ಯೋಚನೆ, ಆದರೆ ನೇರವಾಗಿ ಕಳಿಸಿದರೆ ಊರಿನ ತಂಡ ಕಾನೂನಿನ ಕೈಗೆ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ ನೋಂದಣಿಯಾದ ಕೂಟ ವಿದೇಶಿ ಮೂಲ. ಅದರಿಂದ ಹಣ ಪಡೆಯಲು ಇಲ್ಲಿನ ಸಂಘಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಬರಬೇಕು. ಆ ನೋಂದಣಿಗೆ ಮೂರು ವರ್ಷದ ಇತಿಹಾಸ ಮತ್ತು ಆ ಅವಧಿಯಲ್ಲಿ ಮುಖ್ಯ ಚಟುವಟಿಕೆಗೆ 15 ಲಕ್ಷ ರೂಪಾಯಿ ಖರ್ಚು ತೋರಿಸಬೇಕು. ಚಿಕ್ಕ ತಂಡಕ್ಕೆ ಇದು ಆಗದ ಮಾತು. ನಿಮ್ಮಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ, ತಮ್ಮ ಹೆಸರಿನಲ್ಲಿ, ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ತಂಡದ ಕಡತದಲ್ಲಿರಲಿ. ಒಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರ) ಕಾರ್ಡಿನವರು ವಿದೇಶಿ ಪ್ರಜೆಗಳೆಂದೇ ಲೆಕ್ಕ. ಎಲ್ಲರ ದುಡ್ಡು ಕೂಡಿಸಿ ಒಬ್ಬರ ಹೆಸರಲ್ಲಿ ಕಳಿಸುವ ಉಪಾಯ ಮಾತ್ರ ಬೇಡ.

ಅನುದಾನ ಪಡೆದ ನಾಟಕಕ್ಕೆ ಟಿಕೆಟ್ ಇಡಬಹುದೇ? ಜಿಎಸ್‌ಟಿ ಬರುತ್ತದೆಯೇ? — ಶಿವಮೊಗ್ಗ

ಇಡಿ. ತಂಡದ ಶೇ. 25ರ ಪಾಲಿಗೆ ಟಿಕೆಟ್ಟೂ ಒಂದು ದಾರಿ. ಬಂದ ಹಣವನ್ನು ಲೆಕ್ಕದಲ್ಲಿ ಆದಾಯವಾಗಿ ತೋರಿಸಿ, ಟಿಕೆಟ್ ಪುಸ್ತಕದ ಅರ್ಧಚೀಟಿಗಳನ್ನು ಕ್ರಮಸಂಖ್ಯೆ ಸಮೇತ ಆಡಿಟ್ ಮುಗಿಯುವ ತನಕ ಕಾಯ್ದಿಡಿ. ನಾಟಕ, ಸಂಗೀತ ಕಾರ್ಯಕ್ರಮದ ಪ್ರವೇಶ ದರ ತಲೆಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ನಾಟಕ ಕಲಾವಿದರ ಸಂಭಾವನೆ ಪ್ರದರ್ಶನವೊಂದಕ್ಕೆ 1.5 ಲಕ್ಷ ದಾಟದಿದ್ದರೆ ಅದಕ್ಕೂ ವಿನಾಯಿತಿ. ಗೌರವ ಪ್ರವೇಶದ ಪಾಸ್‌ಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಯಿರಿ. ಟಿಕೆಟ್ ಪುಸ್ತಕದಿಂದಲೇ ಹರಿದು ಕೊಟ್ಟರೆ ಮಾರಾಟದ ಲೆಕ್ಕ ಕೂಡುವುದಿಲ್ಲ.